ಆಟದ ಪೆಟ್ಟಿಗೆಗಳ ತಲೆಮಾರು: ಅಳೆಯುವ ಕೋಲು ಯಾವುದು?

(ಉಪನ್ಯಾಸದ ಪಠ್ಯ)



ವಿಡಿಯೋ ಗೇಮ್ ಯಂತ್ರಗಳ ಚರಿತ್ರೆಯನ್ನು ತಲೆಮಾರುಗಳ ಲೆಕ್ಕದಲ್ಲಿ ಹೇಳುವುದು ವಾಡಿಕೆಯಾಗಿದೆ. 1972ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಮ್ಯಾಗ್ನಾವಾಕ್ಸ್ ಒಡಿಸ್ಸಿ ಮೊದಲನೆಯ ತಲೆಮಾರಿನದಾದರೆ, 2020ರಲ್ಲಿ ಬಂದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಒಂಬತ್ತನೆಯ ತಲೆಮಾರಿಗೆ ಸೇರಿದವು. ಈ ಎಣಿಕೆಯನ್ನು ಯಂತ್ರ ತಯಾರಿಸಿದವರು ಮಾಡಿದ್ದಲ್ಲ, ಅವುಗಳ ಬಗ್ಗೆ ಬರೆದವರು ಅನುಕೂಲಕ್ಕಾಗಿ ಮಾಡಿಕೊಂಡದ್ದು. ಆದರೆ ಪದ ಒಮ್ಮೆ ನೆಲೆಯೂರಿದ ಮೇಲೆ ಅದು ತನ್ನದೇ ಅರ್ಥವನ್ನು ಹೊರಡಿಸತೊಡಗುತ್ತದೆ. ಮನುಷ್ಯರ ಮನೆಯಲ್ಲಿ ಮೊಮ್ಮಗಳು ಹುಟ್ಟಿದ ದಿನವೇ ಅಜ್ಜಿಯನ್ನು ಅಟ್ಟಕ್ಕೆ ಸೇರಿಸುವುದಿಲ್ಲ. ಯಂತ್ರಗಳ ಲೋಕದಲ್ಲಿ ಮಾತ್ರ ಹೊಸ ತಲೆಮಾರಿನ ಜನನವೆಂದರೆ ಹಳೆಯದರ ತಿಥಿ ಎಂದೇ ಭಾವಿಸಲಾಗುತ್ತದೆ. ಹೀಗಾಗಿ, ಒಂದು ತಲೆಮಾರನ್ನು ಮತ್ತೊಂದರೊಡನೆ ಹೋಲಿಸುವಾಗ ಯಾವ ಕೋಲಿನಿಂದ ಅಳೆಯಲಾಗುತ್ತಿದೆ ಎಂಬ ಪ್ರಶ್ನೆ ಮುಖ್ಯವಾಗುತ್ತದೆ. ಜಾಹೀರಾತುಗಳು ವೇಗವನ್ನೂ ಚಿತ್ರದ ನುಣುಪನ್ನೂ ಅಳೆಯುತ್ತವೆ. ವಿದ್ಯುತ್ತು, ಬಾಳಿಕೆ, ದುರಸ್ತಿ, ಕೊಂಡ ಆಟ ಕೊಂಡವರ ಬಳಿಯೇ ಉಳಿಯುವುದೋ ಇಲ್ಲವೋ ಎಂಬಿವನ್ನು ಅಳೆಯುವವರು ಕಡಿಮೆ.

ಒಡಿಸ್ಸಿಯಿಂದಲೇ ಆರಂಭಿಸಬಹುದು. ರಾಲ್ಫ್ ಬೇರ್ ಎಂಬ ಎಂಜಿನಿಯರ್ 1960ರ ದಶಕದ ಕೊನೆಯಲ್ಲಿ ರೂಪಿಸಿದ ಮಾದರಿಯಿಂದ ಹುಟ್ಟಿದ ಈ ಪೆಟ್ಟಿಗೆಯಲ್ಲಿ ಪ್ರೊಸೆಸರ್ ಇರಲಿಲ್ಲ, ಸದ್ದೂ ಇರಲಿಲ್ಲ. ಪರದೆಯ ಮೇಲೆ ಕೆಲವು ಬಿಳಿಯ ಚುಕ್ಕಿಗಳು ಚಲಿಸುತ್ತಿದ್ದವು, ಅಷ್ಟೇ. ಟೆನಿಸ್ ಅಂಕಣವೋ ಕಾಡೋ ಬೇಕಾದರೆ ಬಣ್ಣದ ಪ್ಲಾಸ್ಟಿಕ್ ಹಾಳೆಯೊಂದನ್ನು ಟಿ.ವಿ. ಗಾಜಿನ ಮೇಲೆ ಅಂಟಿಸಬೇಕಿತ್ತು. ಅಂಕಗಳನ್ನು ಕಾಗದದ ಮೇಲೆ ಆಟಗಾರರೇ ಬರೆದುಕೊಳ್ಳಬೇಕಿತ್ತು. ಸುಮಾರು ಮೂರೂವರೆ ಲಕ್ಷ ಪೆಟ್ಟಿಗೆಗಳು ಮಾರಾಟವಾದವು. ಇದನ್ನು ಇಂದಿನ ಯಂತ್ರದ ಪಕ್ಕದಲ್ಲಿಟ್ಟು ನಗುವುದು ಸುಲಭ. ಆದರೆ ಕೇವಲ ನೋಡುವುದಕ್ಕೆಂದಿದ್ದ ಟಿ.ವಿ.ಯನ್ನು ಮನೆಯವರ ಕೈಗೆ ಒಪ್ಪಿಸಿದ್ದು ಅದೇ ಪೆಟ್ಟಿಗೆ. ಮುಂದಿನ ಎಂಟು ತಲೆಮಾರುಗಳಲ್ಲಿ ಇಷ್ಟು ದೊಡ್ಡ ಜಿಗಿತ ಇನ್ನೊಂದು ಆಗಲಿಲ್ಲವೆಂದೇ ಹೇಳಬೇಕು.

ಎರಡನೆಯ ತಲೆಮಾರಿನ ಪ್ರಸಿದ್ಧ ಯಂತ್ರ 1977ರ ಅಟಾರಿ ವಿ.ಸಿ.ಎಸ್., ನಂತರ 2600 ಎಂದು ಹೆಸರಾದದ್ದು. ಅದಕ್ಕಿಂತ ಒಂದು ವರ್ಷ ಮೊದಲೇ ಫೇರ್‌ಚೈಲ್ಡ್ ಕಂಪನಿಯು ಜೆರ್ರಿ ಲಾಸನ್ ಅವರ ಮುಂದಾಳತ್ವದಲ್ಲಿ ಕಳಚಿ ಹಾಕಬಲ್ಲ ಕಾರ್ಟ್ರಿಜ್‌ಗಳ ಯಂತ್ರವನ್ನು ತಂದಿತ್ತಾದರೂ ಜನಪ್ರಿಯತೆ ದಕ್ಕಿದ್ದು ಅಟಾರಿಗೆ. ಅದರ ಕೆಲಸದ ಸ್ಮೃತಿ 128 ಬೈಟ್. ಇಂದಿನ ಗಣಕಗಳ ಸಾಮಾನ್ಯ ಲಿಪಿಸಂಕೇತದಲ್ಲಿ ಒಂದು ಕನ್ನಡ ಅಕ್ಷರಚಿಹ್ನೆಗೆ ಮೂರು ಬೈಟ್ ಬೇಕು. ಅಂದರೆ ಅಟಾರಿಯ ಇಡೀ ಸ್ಮೃತಿಯಲ್ಲಿ ಒಂದು ಗಾದೆಯನ್ನು ಬರೆದಿಡುವಷ್ಟು ಮಾತ್ರ ಜಾಗ. ಪ್ಲೇಸ್ಟೇಷನ್ 5ರಲ್ಲಿರುವ 16 ಗಿಗಾಬೈಟ್ ಅದರ ಹದಿಮೂರು ಕೋಟಿ ಪಟ್ಟಿಗೂ ಹೆಚ್ಚು. ಪೂರ್ಣ ಚಿತ್ರವನ್ನು ಹಿಡಿದಿಡಲು ಜಾಗವೇ ಇಲ್ಲದ ಕಾರಣ, ಟಿ.ವಿ.ಯೊಳಗಿನ ಎಲೆಕ್ಟ್ರಾನ್ ಕಿರಣ ಒಂದೊಂದೇ ಗೆರೆಯನ್ನು ಎಳೆಯುತ್ತ ಇಳಿಯುವಾಗ ಅದರ ಮುಂದೆ ಮುಂದೆ ಓಡುತ್ತ ಆಯಾ ಗೆರೆಗೆ ಬೇಕಾದುದನ್ನು ಆಯಾ ಕ್ಷಣದಲ್ಲಿ ಒದಗಿಸಬೇಕಾದ ಹೊಣೆ ಕ್ರಮವಿಧಿ ಬರೆದವನದಾಗಿತ್ತು. ಬಡತನದ ಅಡುಗೆಮನೆಯಲ್ಲಿ ಒಂದು ಪಾತ್ರೆ ತೊಳೆದೇ ಇನ್ನೊಂದು ಅಡುಗೆಗೆ ಇಡುವಂಥ ಕೆಲಸ ಇದು. ಅದರ ವಿದ್ಯುತ್ ಅಡಾಪ್ಟರ್ ಒದಗಿಸುತ್ತಿದ್ದದ್ದು 9 ವೋಲ್ಟ್, ಅರ್ಧ ಆಂಪಿಯರ್, ಎಂದರೆ ಹೆಚ್ಚೆಂದರೆ ನಾಲ್ಕೂವರೆ ವ್ಯಾಟ್. ಪುಟ್ಟ ಎಲ್.ಇ.ಡಿ. ದೀಪವೊಂದು ಇಂದು ಬಳಸುವಷ್ಟು.

ಇದೇ ಯಂತ್ರದ ಹೆಸರಿನೊಂದಿಗೆ ಇನ್ನೊಂದು ಕಥೆಯೂ ಸೇರಿಕೊಂಡಿದೆ. 1982ರಲ್ಲಿ ಸ್ಪೀಲ್‌ಬರ್ಗ್ ಅವರ ಚಲನಚಿತ್ರವನ್ನಾಧರಿಸಿದ ಇ.ಟಿ. ಆಟವನ್ನು ಹೋವರ್ಡ್ ಸ್ಕಾಟ್ ವಾರ್ಶಾ ಅವರು ಸುಮಾರು ಐದು ವಾರಗಳಲ್ಲಿ ಬರೆದು ಮುಗಿಸಬೇಕಾಯಿತು. ಕ್ರಿಸ್‌ಮಸ್ ವ್ಯಾಪಾರ ತಪ್ಪಬಾರದಲ್ಲ! ಲಕ್ಷಾಂತರ ಕಾರ್ಟ್ರಿಜ್‌ಗಳು ಮಾರಾಟವಾಗದೆ ಉಳಿದವು. 1983ರ ಸೆಪ್ಟೆಂಬರ್‌ನಲ್ಲಿ ಅಟಾರಿಯು ನ್ಯೂ ಮೆಕ್ಸಿಕೋದ ಆಲಮಗಾರ್ಡೋ ಪಟ್ಟಣದ ಕಸದ ಗುಂಡಿಗೆ ಲಾರಿಗಳಲ್ಲಿ ಸಾಮಗ್ರಿ ತಂದು ಸುರಿದು, ಮೇಲೆ ಕಾಂಕ್ರೀಟ್ ಹಾಕಿಸಿತು. ಇದು ಬರಿಯ ದಂತಕಥೆಯೆಂದು ಬಹುಕಾಲ ಹೇಳುತ್ತಿದ್ದವರುಂಟು. 2014ರ ಏಪ್ರಿಲ್‌ನಲ್ಲಿ ಅಗೆದಾಗ ಸುಮಾರು 1,300 ಕಾರ್ಟ್ರಿಜ್‌ಗಳನ್ನು ಮೇಲೆತ್ತಲಾಯಿತು. ಹೂಳಿದ್ದು ಏಳು ಲಕ್ಷಕ್ಕೂ ಹೆಚ್ಚು ಎಂದು ಅಂದು ಆ ಕೆಲಸ ಮಾಡಿಸಿದ್ದ ಅಟಾರಿಯ ಮಾಜಿ ವ್ಯವಸ್ಥಾಪಕರೇ ಹೇಳಿದರು. ಇ.ಟಿ. ಮಾತ್ರವಲ್ಲ, ಚೆನ್ನಾಗಿ ಮಾರಾಟವಾಗಿದ್ದ ಆಟಗಳೂ ಅಲ್ಲಿ ಸಿಕ್ಕವು. ಆದ್ದರಿಂದ ಅದನ್ನು ಕೆಟ್ಟ ಆಟವೊಂದರ ಸಮಾಧಿಯೆಂದು ವರ್ಣಿಸುವುದು ಸರಿಯಲ್ಲ. ಬೇಡಿಕೆಯನ್ನು ಕೇಳದೆ ಉತ್ಪಾದಿಸಿದ ಉದ್ಯಮದ ತಿಪ್ಪೆ ಅದು. ಮೇಲೆತ್ತಿದವುಗಳಲ್ಲೊಂದು ಇಂದು ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ಉಳಿದ ಬಹುಪಾಲು ಇನ್ನೂ ಮಣ್ಣಿನಲ್ಲೇ ಇದೆ.

ಮೂರನೆಯ ತಲೆಮಾರು ಜಪಾನಿನದು. ನಿಂಟೆಂಡೋ ಕಂಪನಿಯ ಮಸಯುಕಿ ಉಎಮುರಾ ಅವರ ನೇತೃತ್ವದಲ್ಲಿ ಸಿದ್ಧವಾದ ಫ್ಯಾಮಿಕಾಮ್ 1983ರ ಜುಲೈ 15ರಂದು 14,800 ಯೆನ್ ಬೆಲೆಗೆ ಮಾರುಕಟ್ಟೆಗೆ ಬಂದಿತು. ಕೆಲಸದ ಸ್ಮೃತಿ 2 ಕಿಲೋಬೈಟ್. ಇದೇ ಯಂತ್ರ 1985ರಲ್ಲಿ ಎನ್.ಇ.ಎಸ್. ಎಂಬ ಹೆಸರಿನಿಂದ ಅಮೆರಿಕಕ್ಕೆ ಹೋಗುವಾಗ ಒಂದು ವಿಚಿತ್ರ ಸಂಭವಿಸಿತು. ಅಲ್ಲಿನ ವ್ಯಾಪಾರಿಗಳಿಗೆ 1983ರ ಕುಸಿತದ ನೆನಪು ಹಸಿಯಾಗಿತ್ತು. ವಿಡಿಯೋ ಗೇಮ್ ಎಂಬ ಮಾತೇ ಅವರಿಗೆ ಬೇಡವಾಗಿತ್ತು. ಆದ್ದರಿಂದ ಪೆಟ್ಟಿಗೆಯನ್ನು ವಿ.ಸಿ.ಆರ್. ಹಾಗೆ ಕಾಣಿಸಲು ಕಾರ್ಟ್ರಿಜ್ಜನ್ನು ಮುಂದಿನಿಂದ ತೂರಿಸಿ ಕೆಳಕ್ಕೆ ಒತ್ತುವ ವ್ಯವಸ್ಥೆ ಮಾಡಲಾಯಿತು. ಮೇಲಿನಿಂದ ನೇರವಾಗಿ ಸಿಕ್ಕಿಸುವ ಜಪಾನೀ ವಿನ್ಯಾಸಕ್ಕಿಂತ ಇದು ದುರ್ಬಲ. ಬಳಕೆಯಿಂದ ಲೋಹದ ಹಲ್ಲುಗಳು ಸಡಿಲಗೊಂಡು ಸಂಪರ್ಕ ತಪ್ಪುತ್ತಿತ್ತು. ಜೊತೆಗೆ ನಕಲಿ ಕಾರ್ಟ್ರಿಜ್ ತಡೆಯಲು ಇಟ್ಟಿದ್ದ ಕಾವಲು ಚಿಪ್ಪು ಸಂಪರ್ಕ ತಪ್ಪಿದೊಡನೆ ಯಂತ್ರವನ್ನು ಮತ್ತೆ ಮತ್ತೆ ಮೊದಲಿಗೆ ತಂದು ನಿಲ್ಲಿಸುತ್ತಿತ್ತು. ಪರದೆ ಮಿಣುಕುತ್ತಿದ್ದಂತೆ ಮಕ್ಕಳು ಕಾರ್ಟ್ರಿಜ್ ಹೊರತೆಗೆದು ಊದುತ್ತಿದ್ದರು. ಊದಿದ್ದರಿಂದ ಸರಿಹೋಗುತ್ತಿರಲಿಲ್ಲ, ತೆಗೆದು ಮತ್ತೆ ಹಾಕಿದ್ದರಿಂದ ಸರಿಹೋಗುತ್ತಿತ್ತು. ಉಸಿರಿನ ತೇವ ಲೋಹಕ್ಕೆ ಹಾನಿಯನ್ನೇ ಮಾಡುತ್ತಿತ್ತು. ಈ ಊದುವ ವಿದ್ಯೆ ಸಭೆಯಲ್ಲಿರುವ ಅನೇಕರಿಗೂ ತಿಳಿದಿರುವುದರಲ್ಲಿ ಸಂದೇಹವಿಲ್ಲ. ಏಕೆಂದರೆ 1990ರ ದಶಕದಲ್ಲಿ ಭಾರತದ ಸಣ್ಣಪುಟ್ಟ ಪೇಟೆಗಳವರೆಗೂ ತಲುಪಿದ ಟಿ.ವಿ. ಗೇಮ್‌ಗಳಲ್ಲಿ ಬಹಳಷ್ಟು ಇದೇ ಫ್ಯಾಮಿಕಾಮ್‌ನ ನಕಲುಗಳಾಗಿದ್ದವು. ಒಂದೇ ಕಾರ್ಟ್ರಿಜ್‌ನಲ್ಲಿ ಲಕ್ಷಾಂತರ ಆಟಗಳಿವೆಯೆಂದು ಅವುಗಳ ಮೇಲೆ ಅಚ್ಚಾಗಿರುತ್ತಿತ್ತು. ಒಳಗೆ ಇರುತ್ತಿದ್ದವು ಕೆಲವೇ ಆಟಗಳು, ಹೆಸರು ಬದಲಾಯಿಸಿಕೊಂಡು ಮತ್ತೆ ಮತ್ತೆ ಬರುವಂಥವು.

ಫ್ಯಾಮಿಕಾಮ್ ಬಗ್ಗೆ ಹೇಳಲೇಬೇಕಾದ ಮತ್ತೊಂದು ಸಂಗತಿ ಅದರ ವಯಸ್ಸು. ಜಪಾನಿನಲ್ಲಿ ಅದರ ತಯಾರಿಕೆ ನಿಂತದ್ದು 2003ರಲ್ಲಿ, ಇಪ್ಪತ್ತು ವರ್ಷಗಳ ನಂತರ. ಕಂಪನಿಯು ತನ್ನ ದುರಸ್ತಿ ಕೇಂದ್ರಗಳಲ್ಲಿ ಅದನ್ನು ರಿಪೇರಿ ಮಾಡಿಕೊಡುವುದನ್ನು ನಿಲ್ಲಿಸಿದ್ದು 2007ರ ಅಕ್ಟೋಬರ್‌ನಲ್ಲಿ, ಬಿಡಿಭಾಗಗಳು ಸಿಗದಾದಾಗ. ಅಷ್ಟರಲ್ಲಿ ನಿಂಟೆಂಡೋ ಅದರ ಮೇಲೆ ಇನ್ನೂ ನಾಲ್ಕು ತಲೆಮಾರು ಯಂತ್ರಗಳನ್ನು ಮಾರಿಯಾಗಿತ್ತು. 24 ವರ್ಷ ಕಾಲ ಒಂದು ಆಟಿಕೆಯನ್ನು ದುರಸ್ತಿಗೆ ಸ್ವೀಕರಿಸಿದ್ದು ಈ ಉದ್ಯಮದ ಅತಿ ದೊಡ್ಡ ಸಾಧನೆಗಳಲ್ಲೊಂದು. ಯಾವ ಜಾಹೀರಾತಿನಲ್ಲೂ ಅದರ ಉಲ್ಲೇಖ ಬರುವುದಿಲ್ಲ.

ನಾಲ್ಕನೆಯ ತಲೆಮಾರಿನ ಹೊತ್ತಿಗೆ ಹೋಲಿಕೆಯೇ ವ್ಯಾಪಾರದ ಅಸ್ತ್ರವಾಯಿತು. ಸೆಗಾ ಕಂಪನಿಯ ಮೆಗಾ ಡ್ರೈವ್ (1988) ಮತ್ತು ನಿಂಟೆಂಡೋದ ಸೂಪರ್ ಫ್ಯಾಮಿಕಾಮ್ (1990) ಎರಡೂ ಹದಿನಾರು ಬಿಟ್‌ನವು ಎಂದು ಸಾರಲಾಯಿತು. ಬಿಟ್ ಎಂದರೆ ಪ್ರೊಸೆಸರ್ ಒಮ್ಮೆಗೆ ಕೈಗೆತ್ತಿಕೊಳ್ಳುವ ಅಂಕಿಯ ಅಗಲ. ಬುಟ್ಟಿಯ ಅಗಲವನ್ನು ಮಾತ್ರ ಹೇಳಿ ಆಳುಗಳೆಷ್ಟು, ದಾರಿಯೆಷ್ಟು ದೂರ ಎಂಬುದನ್ನು ಮುಚ್ಚಿಟ್ಟ ಹಾಗೆ ಇದು. ಮೆಗಾ ಡ್ರೈವ್‌ನ ಪ್ರೊಸೆಸರ್ 7.6 ಮೆಗಾಹರ್ಟ್ಸ್ ವೇಗದ್ದು, ಸೂಪರ್ ಫ್ಯಾಮಿಕಾಮ್‌ನದು ಗರಿಷ್ಠ 3.58, ಆದರೂ ಬಣ್ಣಗಳಲ್ಲಿಯೂ ಸಂಗೀತದಲ್ಲಿಯೂ ಎರಡನೆಯದು ಮುಂದಿತ್ತು, ಆ ಕೆಲಸಗಳಿಗೆ ಅದರಲ್ಲಿ ಬೇರೆ ಚಿಪ್ಪುಗಳಿದ್ದ ಕಾರಣ. 1993ರಲ್ಲಿ ಅಟಾರಿಯು ಜಾಗ್ವಾರ್ ಎಂಬ ಯಂತ್ರವನ್ನು ತಂದು, 64 ಬಿಟ್ ಎಂದು ಸಾರಿ, ಲೆಕ್ಕ ಹಾಕಿ ನೋಡಿರೆಂದು ಗ್ರಾಹಕರಿಗೆ ಸವಾಲೆಸೆಯಿತು. ಗ್ರಾಹಕರು ಲೆಕ್ಕ ಹಾಕಿದರು. 1996ರ ಹೊತ್ತಿಗೆ ಜಾಗ್ವಾರ್ ಮುಗಿದಿತ್ತು. ಬಿಟ್‌ಗಳ ಮಾತು ಆಮೇಲೆ ಸದ್ದಿಲ್ಲದೆ ಮರೆಯಾಗಿ, ಅದರ ಜಾಗಕ್ಕೆ ಬೇರೆ ಅಂಕಿಗಳು ಬಂದವು. ಈಗಿನದು ಟೆರಾಫ್ಲಾಪ್.

ಇಂಥ ಅಂಕಿಗಳ ಗದ್ದಲದ ನಡುವೆಯೇ ಬೇರೊಂದು ದಾರಿ ಹಿಡಿದವರು ಗುನ್‌ಪೇ ಯೊಕೊಯ್. 1965ರಲ್ಲಿ, ನಿಂಟೆಂಡೋ ಇನ್ನೂ ಇಸ್ಪೀಟಿನಂಥ ಹನಫುದ ಎಲೆಗಳನ್ನು ತಯಾರಿಸುತ್ತಿದ್ದಾಗ, ಆ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದವರು ಅವರು. ಅವರ ವಿಚಾರವನ್ನು ಕನ್ನಡದಲ್ಲಿ 'ಬಾಡಿದ ತಂತ್ರಜ್ಞಾನದ ಅಡ್ಡಯೋಚನೆ' ಎನ್ನಬಹುದು. ಬಾಡಿದ್ದು ಎಂದರೆ ಕೆಟ್ಟದ್ದಲ್ಲ. ಹೊಸತನದ ಹೊಳಪು ಹೋಗಿ ಅಗ್ಗವಾಗಿರುವ, ಗುಣದೋಷಗಳೆಲ್ಲ ತಿಳಿದುಹೋಗಿರುವ ತಂತ್ರಜ್ಞಾನ. ಅದನ್ನು ಯಾರೂ ಯೋಚಿಸದ ಕಡೆಗೆ ತಿರುಗಿಸುವುದೇ ಜಾಣತನವೆಂದು ಅವರು ನಂಬಿದ್ದರು. 1989ರ ಗೇಮ್ ಬಾಯ್ ಇದರ ಫಲ. ಕೈಯಲ್ಲಿ ಹಿಡಿಯುವ ಈ ಯಂತ್ರದ ಪರದೆಗೆ ಬಣ್ಣವಿರಲಿಲ್ಲ, ನಾಲ್ಕೇ ಛಾಯೆಗಳು. ಹಿಂಬದಿಯ ಬೆಳಕೂ ಇರಲಿಲ್ಲ, ಸಂಜೆಯಾದರೆ ದೀಪದ ಹತ್ತಿರ ಹೋಗಬೇಕು. ಮರುವರ್ಷ ಬಂದ ಸೆಗಾದ ಗೇಮ್ ಗಿಯರ್‌ನಲ್ಲಿ ಬಣ್ಣವೂ ಇತ್ತು, ಬೆಳಕೂ ಇತ್ತು. ಪಕ್ಕಪಕ್ಕದಲ್ಲಿಟ್ಟರೆ ಯಾವುದು ಮೇಲೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಆದರೆ ಗೇಮ್ ಬಾಯ್‌ಗೆ ನಾಲ್ಕು ಪೆನ್‌ಟಾರ್ಚ್ ಸೆಲ್ ಹಾಕಿದರೆ ಹದಿನೈದು ಗಂಟೆಯಾದರೂ ಆಡಬಹುದಿತ್ತು. ಗೇಮ್ ಗಿಯರ್‌ಗೆ ಆರು ಸೆಲ್ ಬೇಕು, ಅವು ಮೂರರಿಂದ ಐದು ಗಂಟೆಯಲ್ಲಿ ಬರಿದಾಗುತ್ತಿದ್ದವು. ಅರವತ್ತು ಗಂಟೆಯ ಆಟಕ್ಕೆ ಲೆಕ್ಕ ಹಾಕಿದರೆ ಮೊದಲನೆಯದಕ್ಕೆ 16 ಸೆಲ್, ಎರಡನೆಯದಕ್ಕೆ ಸರಾಸರಿ ನಾಲ್ಕು ಗಂಟೆಯೆಂದು ಹಿಡಿದರೆ 90 ಸೆಲ್. ಮಗುವಿನ ಜೇಬಿನ ಹಣವೂ, ಕಸದ ಬುಟ್ಟಿಯ ಸತುವು, ಮ್ಯಾಂಗನೀಸುಗಳೂ ಈ ಲೆಕ್ಕದಲ್ಲಿ ಸೇರಿವೆ. ಗೇಮ್ ಬಾಯ್ ಮತ್ತು ಅದರ ಬಣ್ಣದ ಉತ್ತರಾಧಿಕಾರಿ ಒಟ್ಟು 11.87 ಕೋಟಿ ಮಾರಾಟವಾದವು. ಗೇಮ್ ಗಿಯರ್ ಒಂದು ಕೋಟಿಯ ಆಸುಪಾಸಿನಲ್ಲಿ ನಿಂತಿತು. ಗೆಲುವಿಗೆ ಮಿತವ್ಯಯವೊಂದೇ ಕಾರಣವೆನ್ನಲಾಗದು. ಜೊತೆಗೆ ಕೊಟ್ಟ ಟೆಟ್ರಿಸ್ ಆಟದ ಪಾಲೂ ದೊಡ್ಡದು, ಬೆಲೆಯೂ ಕಡಿಮೆಯಿತ್ತು. ಆದರೆ ಬೆಲೆ ಕಡಿಮೆಯಾದದ್ದೂ ಅದೇ ಬಾಡಿದ ಪರದೆಯಿಂದ ತಾನೆ?

ಐದನೆಯ ತಲೆಮಾರಿನಲ್ಲಿ ಕಾರ್ಟ್ರಿಜ್‌ನ ಜಾಗಕ್ಕೆ ಸಿ.ಡಿ. ಬಂದಿತು. 1994ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಸೋನಿಯ ಪ್ಲೇಸ್ಟೇಷನ್‌ನ ಸಿ.ಡಿ. 650 ಮೆಗಾಬೈಟ್‌ಗಳಷ್ಟನ್ನು ಹಿಡಿಯುತ್ತಿತ್ತು. 1996ರ ನಿಂಟೆಂಡೋ 64ರ ಕಾರ್ಟ್ರಿಜ್‌ನ ಮಿತಿ 64. ಸಿ.ಡಿ. ಅಚ್ಚು ಹಾಕುವುದು ಅಗ್ಗ, ಬೇಡಿಕೆ ಬಂದಷ್ಟನ್ನೇ ಬೇಗ ಮಾಡಿಕೊಳ್ಳಬಹುದು, ಆಲಮಗಾರ್ಡೋದಂಥ ಗುಂಡಿ ತೋಡುವ ಪ್ರಮೇಯ ಕಡಿಮೆ. ಆದರೆ ತಿರುಗುವ ಭಾಗ ಬಂದೊಡನೆ ಸವೆಯುವ ಭಾಗವೂ ಬಂದಿತು. ಮೊದಮೊದಲಿನ ಪ್ಲೇಸ್ಟೇಷನ್‌ಗಳಲ್ಲಿ ಲೇಸರ್ ಕಣ್ಣಿನ ಜೋಡಣೆ ಸವೆದು, ಯಂತ್ರವನ್ನು ತಲೆಕೆಳಗಾಗಿ ಇಟ್ಟರೆ ಮಾತ್ರ ಆಟ ನಡೆಯುವ ಪರಿಸ್ಥಿತಿ ಅನೇಕರದಾಯಿತು. ಸಿ.ಡಿ. ಓದುವವರೆಗೆ ಕಾಯುವ ಅಭ್ಯಾಸವೂ ಆಗಲೇ ಆರಂಭವಾದದ್ದು. ಆ ಕಾಯುವಿಕೆ ನಿಜವಾಗಿ ಮುಗಿದದ್ದು 2020ರ ಯಂತ್ರಗಳಲ್ಲಿ, ಚಲಿಸುವ ಭಾಗವಿಲ್ಲದ ವೇಗದ ಸಂಗ್ರಹ ಬಂದ ಮೇಲೆ. ಕಾರ್ಟ್ರಿಜ್ ಕಾಲದಲ್ಲಿದ್ದ ಗುಣವೊಂದನ್ನು ಮರಳಿ ಪಡೆಯಲು ಕಾಲು ಶತಮಾನ ಹಿಡಿಯಿತು.

2000ದ ಪ್ಲೇಸ್ಟೇಷನ್ 2 ಈವರೆಗಿನ ಅತಿ ಹೆಚ್ಚು ಮಾರಾಟದ ಯಂತ್ರ, ಸುಮಾರು 16 ಕೋಟಿ. ಹಿಂದಿನ ಯಂತ್ರದ ಬಹುತೇಕ ಎಲ್ಲ ಸಿ.ಡಿ.ಗಳನ್ನೂ ಅದು ಆಡಿಸುತ್ತಿತ್ತು, ಡಿ.ವಿ.ಡಿ. ಚಲನಚಿತ್ರಗಳನ್ನೂ ತೋರಿಸುತ್ತಿತ್ತು, ಬೆಲೆ 299 ಡಾಲರಿನಿಂದ ಇಳಿದು ಇಳಿದು 2009ರಲ್ಲಿ 99ಕ್ಕೆ ಬಂದಿತು. ಅದು ಬಂದ ವರ್ಷವೇ ಟ್ಯಾಂಟಲಮ್ ಲೋಹದ ಬೆಲೆ ಜಗತ್ತಿನಾದ್ಯಂತ ಹಠಾತ್ತನೆ ಏರಿತು. ಸಣ್ಣ ಜಾಗದಲ್ಲಿ ಹೆಚ್ಚು ವಿದ್ಯುದಾವೇಶ ಹಿಡಿದಿಡುವ ಕೆಪಾಸಿಟರ್‌ಗಳಿಗೆ ಬೇಕಾದ ಈ ಲೋಹದ ಅದಿರು ಕಾಂಗೋದ ಪೂರ್ವ ಭಾಗದಲ್ಲಿ ಸಿಗುತ್ತದೆ. ಅಲ್ಲಿನ ಸಶಸ್ತ್ರ ಗುಂಪುಗಳು ಅದರಿಂದ ಹಣ ಮಾಡಿಕೊಳ್ಳುತ್ತಿರುವುದನ್ನು ವಿಶ್ವಸಂಸ್ಥೆಯ ತಜ್ಞರ ಸಮಿತಿ 2001ರಲ್ಲಿ ದಾಖಲಿಸಿತು. ಈ ರಕ್ತಪಾತಕ್ಕೆ ಪ್ಲೇಸ್ಟೇಷನ್ 2 ಕಾರಣವೆಂದು ಬರೆದವರಿದ್ದಾರೆ. ಇದು ಅತಿಯಾಯಿತು, ಮೊಬೈಲ್ ಫೋನು, ಗಣಕ, ದೂರಸಂಪರ್ಕ ಎಲ್ಲವೂ ಅದೇ ಲೋಹಕ್ಕೆ ಮುಗಿಬಿದ್ದಿದ್ದ ಕಾಲವದು. ಆದರೆ ಯಾವ ಯಂತ್ರವೂ ಆ ಸಾಲಿನಿಂದ ಹೊರಗಿರಲಿಲ್ಲ ಎಂಬುದೂ ಅಷ್ಟೇ ನಿಜ.

ಏಳನೆಯ ತಲೆಮಾರು ಹೋಲಿಕೆಗೆ ಹೇಳಿ ಮಾಡಿಸಿದಂಥದು. 2005ರಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360, 2006ರಲ್ಲಿ ಸೋನಿಯ ಪ್ಲೇಸ್ಟೇಷನ್ 3 ಮತ್ತು ನಿಂಟೆಂಡೋದ ವೀ ಬಂದವು. ಮೊದಲಿನೆರಡು ಶಕ್ತಿಯ ಸ್ಪರ್ಧೆಗೆ ಇಳಿದವು. ವೀ ಹಿಂದಿನ ತಲೆಮಾರಿನ ಗೇಮ್‌ಕ್ಯೂಬ್‌ನ ವಿನ್ಯಾಸವನ್ನೇ ತುಸು ಬೆಳೆಸಿ, ಕೈಯ ಚಲನೆಯನ್ನು ಗುರುತಿಸುವ ಅಗ್ಗದ ಸಂವೇದಕವನ್ನು ಹಿಡಿಕೆಯಲ್ಲಿಟ್ಟಿತು. ಯೊಕೊಯ್ 1997ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದರೂ ಅವರ ವಿಚಾರ ಕಂಪನಿಯಲ್ಲಿ ಉಳಿದಿತ್ತೆಂಬುದಕ್ಕೆ ಇದು ಸಾಕ್ಷಿ. 2008ರ ನವೆಂಬರ್‌ನಲ್ಲಿ ಅಮೆರಿಕದ ಎನ್.ಆರ್.ಡಿ.ಸಿ. ಎಂಬ ಪರಿಸರ ಸಂಸ್ಥೆ ಮೂರನ್ನೂ ಅಳೆದು ವರದಿ ಪ್ರಕಟಿಸಿತು. ಆಡುವಾಗ ಪ್ಲೇಸ್ಟೇಷನ್ 3 ಎಳೆಯುತ್ತಿದ್ದದ್ದು 150 ವ್ಯಾಟ್, ಎಕ್ಸ್‌ಬಾಕ್ಸ್ 360 ಎಳೆಯುತ್ತಿದ್ದದ್ದು 119, ವೀ ಕೇವಲ 16. ದಿನಕ್ಕೆ ಎರಡು ಗಂಟೆಯಂತೆ ವರ್ಷವಿಡೀ ಆಡಿದರೆ ಮೊದಲನೆಯದಕ್ಕೆ ಸುಮಾರು 110 ಯುನಿಟ್, ವೀಗೆ 12 ಯುನಿಟ್‌ಗಿಂತ ಕಡಿಮೆ, ಟಿ.ವಿ.ಯ ಖರ್ಚು ಬೇರೆ. ವೀ 10 ಕೋಟಿಗೂ ಹೆಚ್ಚು ಮಾರಾಟವಾಗಿ ಇನ್ನೆರಡನ್ನೂ ಹಿಂದಿಕ್ಕಿತೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ಅದೇ ವರದಿ ಅಂದಾಜಿಸಿದಂತೆ ಅಮೆರಿಕವೊಂದರಲ್ಲೇ ಇಂಥ ಯಂತ್ರಗಳು ವರ್ಷಕ್ಕೆ ಉಣ್ಣುತ್ತಿದ್ದ ವಿದ್ಯುತ್ತು 1,600 ಕೋಟಿ ಯುನಿಟ್. ಮಲೆನಾಡಿನ ಕಿವಿಗೆ ಈ ಅಂಕಿ ಮುಟ್ಟಬೇಕಾದರೆ ಶರಾವತಿಯನ್ನೇ ತರಬೇಕು. 1,035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ ಹತ್ತೂ ಘಟಕಗಳು ಒಂದು ಕ್ಷಣವೂ ನಿಲ್ಲದೆ ವರ್ಷವಿಡೀ ತಿರುಗಿದರೂ ಸಿಗುವುದು ಸುಮಾರು 907 ಕೋಟಿ ಯುನಿಟ್. ಹಾಗೆ ತಿರುಗುವಷ್ಟು ನೀರು ಲಿಂಗನಮಕ್ಕಿಯಲ್ಲಿ ಎಂದೂ ಇರುವುದಿಲ್ಲ. ಇನ್ನೂ ವಿಷಾದದ ವಿಷಯವೆಂದರೆ ಈ ವಿದ್ಯುತ್ತಿನ ದೊಡ್ಡ ಪಾಲು ಆಟಕ್ಕೆ ಖರ್ಚಾದದ್ದೂ ಅಲ್ಲ. ಆಟ ಮುಗಿಸಿ ಟಿ.ವಿ. ಆರಿಸಿ ಮಲಗಲು ಹೋದವರ ಮನೆಗಳಲ್ಲಿ ಯಂತ್ರ ಮಾತ್ರ ರಾತ್ರಿಯಿಡೀ ಹೆಚ್ಚುಕಡಿಮೆ ಪೂರ್ಣ ಶಕ್ತಿಯಲ್ಲೇ ಉರಿಯುತ್ತಿತ್ತು. ತಾನಾಗಿ ಆರಿಹೋಗುವ ವ್ಯವಸ್ಥೆ ಒಂದೋ ಇರಲಿಲ್ಲ, ಇದ್ದಲ್ಲಿ ಅದನ್ನು ಬಳಕೆದಾರರೇ ಹುಡುಕಿ ಚಾಲೂ ಮಾಡಬೇಕಿತ್ತು. ಮುಂದಿನ ತಲೆಮಾರುಗಳಲ್ಲಿ ಇದು ಬಹುಮಟ್ಟಿಗೆ ಸರಿಹೋಯಿತು. 2023ರಲ್ಲಿ ಮೈಕ್ರೋಸಾಫ್ಟ್ ತನ್ನ ಯಂತ್ರಗಳು ಜಾಲದಲ್ಲಿ ಇಂಗಾಲ ಕಡಿಮೆಯಿರುವ ಹೊತ್ತು ನೋಡಿ ತಂತ್ರಾಂಶ ಇಳಿಸಿಕೊಳ್ಳುವಂತೆಯೂ ಮಾಡಿತು. ಆದರೆ ಆಡುವಾಗಿನ ಹಸಿವು ತಗ್ಗಿಲ್ಲ. ಪ್ಲೇಸ್ಟೇಷನ್ 5 ಭಾರವಾದ ಆಟಗಳಲ್ಲಿ 200 ವ್ಯಾಟ್‌ನಷ್ಟನ್ನು ಎಳೆಯುತ್ತದೆ. 2017ರ ನಿಂಟೆಂಡೋ ಸ್ವಿಚ್ ಟಿ.ವಿ.ಗೆ ಜೋಡಿಸಿ ಆಡುವಾಗಲೂ 15 ವ್ಯಾಟ್‌ನ ಆಸುಪಾಸಿನಲ್ಲಿತ್ತು. ಅದೂ 15 ಕೋಟಿಗೂ ಮೀರಿ ಮಾರಾಟವಾಯಿತು.

ಇಷ್ಟು ಕೇಳಿದವರು ನಿಂಟೆಂಡೋವನ್ನು ಹಸಿರು ಕಂಪನಿಯೆಂದು ತೀರ್ಮಾನಿಸುವ ಸಾಧ್ಯತೆಯಿದೆ. ಗ್ರೀನ್‌ಪೀಸ್ ಸಂಸ್ಥೆ 2007ರ ನವೆಂಬರ್‌ನಲ್ಲಿ ಎಲೆಕ್ಟ್ರಾನಿಕ್ ಕಂಪನಿಗಳಿಗೆ ಹತ್ತಕ್ಕೆ ಅಂಕ ಕೊಟ್ಟಾಗ ನಿಂಟೆಂಡೋಗೆ ಸಿಕ್ಕಿದ್ದು ಸೊನ್ನೆ. ವಿಷವಸ್ತುಗಳ ಬಳಕೆ, ಹಳೆಯ ಯಂತ್ರಗಳ ಮರುಸ್ವೀಕಾರ ಇವುಗಳ ಬಗ್ಗೆ ಕಂಪನಿ ಏನನ್ನೂ ಬಹಿರಂಗಪಡಿಸದಿದ್ದುದೇ ಕಾರಣ. ಮರುವರ್ಷ ಅದೇ ಸಂಸ್ಥೆ ಮೂರೂ ಯಂತ್ರಗಳನ್ನು ಬಿಚ್ಚಿ ಪರೀಕ್ಷಿಸಿದಾಗ ಮೂರರಲ್ಲೂ ಬ್ರೋಮಿನ್ ಮತ್ತು ಪಿ.ವಿ.ಸಿ. ಕಂಡುಬಂದವು. ಕಡಿಮೆ ಉಣ್ಣುವ ಯಂತ್ರ, ಏನೂ ಹೇಳದ ಕಂಪನಿ. ಎರಡೂ ಒಂದೇ ಪೆಟ್ಟಿಗೆಯ ಮಾತು.

ಬಾಳಿಕೆಯ ವಿಷಯದಲ್ಲಿ ಆ ತಲೆಮಾರಿನ ಕುಖ್ಯಾತಿ ಎಕ್ಸ್‌ಬಾಕ್ಸ್ 360ರದು. ಮುಂಭಾಗದ ಗುಂಡಿಯ ಸುತ್ತ ಮುಕ್ಕಾಲು ವೃತ್ತ ಕೆಂಪಾಗಿ ಮಿನುಗಿತೆಂದರೆ ಯಂತ್ರ ಸತ್ತಿತೆಂದೇ ಅರ್ಥ. 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಈ ದೋಷಕ್ಕೆ ಖಾತರಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿ, ಅದಕ್ಕಾಗಿ ನೂರು ಕೋಟಿ ಡಾಲರಿಗೂ ಹೆಚ್ಚು ಮೊತ್ತವನ್ನು ತೆಗೆದಿರಿಸಿತು. ಸೀಸರಹಿತ ಬೆಸುಗೆಯೇ ಇದಕ್ಕೆ ಕಾರಣವೆಂಬ ಮಾತು ಆಗ ಹಬ್ಬಿತ್ತು. ಯುರೋಪಿನ ನಿಯಮದಂತೆ 2006ರ ಜುಲೈನಿಂದ ಬೆಸುಗೆಯಿಂದ ಸೀಸವನ್ನು ಕೈಬಿಡಬೇಕಾಗಿತ್ತಷ್ಟೆ. ಪರಿಸರದವರಿಂದಲೇ ಯಂತ್ರ ಕೆಟ್ಟಿತೆಂದು ಹಂಗಿಸುವವರಿಗೆ ಇದೊಂದು ಸಿದ್ಧ ಉತ್ತರವಾಗಿತ್ತು. ಆದರೆ 2021ರಲ್ಲಿ ಮೈಕ್ರೋಸಾಫ್ಟ್‌ನದೇ ಸಾಕ್ಷ್ಯಚಿತ್ರದಲ್ಲಿ ಅದರ ಎಂಜಿನಿಯರುಗಳು ವಿವರಿಸಿದ್ದು ಬೇರೆ. ಯಂತ್ರ ಕಾಯ್ದು ಆರಿ, ಮತ್ತೆ ಕಾಯ್ದು ಆರಿ, ಬಿಡಿಭಾಗಗಳ ಒಳಗಿನ ಸೂಕ್ಷ್ಮ ಸಂಪರ್ಕಗಳು ಒತ್ತಡಕ್ಕೆ ಮುರಿದವು. ಇಕ್ಕಟ್ಟಿನ ಪೆಟ್ಟಿಗೆಯಲ್ಲಿ ಅಷ್ಟೊಂದು ಶಾಖ ಹುಟ್ಟಿಸಿದ್ದರ ಫಲ ಅದು. ನಾಲ್ಕೂವರೆ ವ್ಯಾಟ್‌ನ ಅಟಾರಿಗೆ ಬೀಸಣಿಗೆಯ ಅಗತ್ಯವೇ ಇರಲಿಲ್ಲ.

2013ರ ನಂತರ ಸೋನಿ, ಮೈಕ್ರೋಸಾಫ್ಟ್ ಎರಡೂ ಸಾಮಾನ್ಯ ಗಣಕದ ಮಾದರಿಯ ಪ್ರೊಸೆಸರಿಗೆ ಬಂದವು. ಇದರ ಒಂದು ಒಳ್ಳೆಯ ಪರಿಣಾಮವೆಂದರೆ ಹಿಂದಿನ ತಲೆಮಾರಿನ ಆಟಗಳು ಮುಂದಿನ ಯಂತ್ರದಲ್ಲಿ ನಡೆಯುವುದು ಸುಲಭವಾದದ್ದು. ಪ್ಲೇಸ್ಟೇಷನ್ 4ರ ಬಹುತೇಕ ಎಲ್ಲ ಆಟಗಳೂ 5ರಲ್ಲಿ ನಡೆಯುತ್ತವೆ. ಸೀರೀಸ್ ಎಕ್ಸ್‌ನಲ್ಲಿ 2001ರ ಮೊದಲ ಎಕ್ಸ್‌ಬಾಕ್ಸ್‌ನ ಕೆಲವು ಆಟಗಳೂ ನಡೆಯುತ್ತವೆ. ಹಳೆಯದನ್ನು ಎಸೆಯದೆ ಹೊಸದಕ್ಕೆ ಹೋಗುವ ಈ ದಾರಿಗೆ ಸಿಗಬೇಕಾದ ಮೆಚ್ಚುಗೆ ಸಿಕ್ಕಿಲ್ಲ. ಇದರ ಜೊತೆಗೆ ತಲೆಮಾರುಗಳ ಚರಿತ್ರೆಯಲ್ಲಿಯೇ ಹಿಂದೆ ಕಾಣದ ಒಂದು ತಿರುವನ್ನೂ ಗಮನಿಸಬೇಕು. ಯಂತ್ರ ಹಳತಾದಂತೆ ಅಗ್ಗವಾಗುವುದು ಇದುವರೆಗಿನ ರೂಢಿ. ಪ್ಲೇಸ್ಟೇಷನ್ 5 ಬಿಡುಗಡೆಯಾಗಿ ಐದು ವರ್ಷವಾಗುತ್ತ ಬಂದಾಗ, 2025ರ ಆಗಸ್ಟ್‌ನಲ್ಲಿ, ಅಮೆರಿಕದಲ್ಲಿ ಅದರ ಬೆಲೆ 500 ಡಾಲರಿನಿಂದ 550ಕ್ಕೆ ಏರಿತು. ಬಡ ಮನೆಗಳು ಒಂದು ತಲೆಮಾರಿನ ಕೊನೆಯ ವರ್ಷಗಳವರೆಗೆ ಕಾದು ಕೊಳ್ಳುತ್ತಿದ್ದ ಪದ್ಧತಿಗೆ ಇದರಿಂದ ಪೆಟ್ಟು ಬಿದ್ದಿದೆ.

ಎಲ್ಲಕ್ಕಿಂತ ಗಂಭೀರವಾದದ್ದು ಒಡೆತನದ ಪ್ರಶ್ನೆ. 2006ರ ತಲೆಮಾರಿನಿಂದ ಆಟಗಳು ಅಂತರ್ಜಾಲದ ಮೂಲಕ ಇಳಿಯತೊಡಗಿದವು. ಅಂಗಡಿ ಯಂತ್ರದೊಳಗೇ ಬಂದಿತು. ಕದ ಹಾಕುವ ಅಧಿಕಾರವೂ ಅಂಗಡಿಯವನಲ್ಲೇ ಉಳಿಯಿತು. ವೀ ಯಂತ್ರದ ಅಂಗಡಿ 2019ರ ಜನವರಿಯಲ್ಲಿ, ವೀ ಯು ಮತ್ತು 3ಡಿಎಸ್‌ಗಳದು 2023ರ ಮಾರ್ಚ್‌ನಲ್ಲಿ, ಎಕ್ಸ್‌ಬಾಕ್ಸ್ 360ರದು 2024ರ ಜುಲೈನಲ್ಲಿ ಮುಚ್ಚಿದವು. ಪ್ಲೇಸ್ಟೇಷನ್ 3ರ ಅಂಗಡಿಯನ್ನೂ ಮುಚ್ಚುವುದಾಗಿ ಸೋನಿ 2021ರಲ್ಲಿ ಘೋಷಿಸಿ, ಆಟಗಾರರು ಪ್ರತಿಭಟಿಸಿದಾಗ ಕೆಲವೇ ವಾರಗಳಲ್ಲಿ ನಿರ್ಧಾರದಿಂದ ಹಿಂದೆ ಸರಿಯಿತು. ಯಂತ್ರದ ಗುಣಗಳನ್ನೂ ಹೀಗೆಯೇ ಹಿಂತೆಗೆದುಕೊಳ್ಳಬಹುದು. ಪ್ಲೇಸ್ಟೇಷನ್ 3ನ್ನು ಲಿನಕ್ಸ್ ಗಣಕವಾಗಿ ಬಳಸುವ ಅವಕಾಶ ಮೊದಲು ಇತ್ತು. 2010ರ ಏಪ್ರಿಲ್‌ನ ತಂತ್ರಾಂಶ ಪರಿಷ್ಕರಣೆಯೊಂದು, ಆಗಲೇ ಹಣ ಕೊಟ್ಟು ಕೊಂಡವರ ಮನೆಯೊಳಗಿನ ಯಂತ್ರಗಳಿಂದ ಅದನ್ನು ಕಿತ್ತುಹಾಕಿತು.

ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ನಡೆಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕಿಂತ ಮೊದಲು ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ 87 ಇಂದು ಮಾರಾಟದಲ್ಲಿ ಸಿಗುವುದಿಲ್ಲ. ಅವನ್ನು ಆಡಬೇಕಾದರೆ ಹಳೆಯ ಯಂತ್ರ ಮತ್ತು ಹಳೆಯ ಕಾರ್ಟ್ರಿಜ್ ಕೆಡದೆ ಉಳಿದಿರಬೇಕು, ಇಲ್ಲವೆ ಕಾನೂನಿನ ಅಂಚಿನಲ್ಲಿರುವ ನಕಲುಗಳ ಮೊರೆಹೋಗಬೇಕು. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಜಾರಿಗೆ ಬಂದ ಕಾನೂನಿನಂತೆ, ಮಾರುವವನು ತಾನು ಕೊಡುತ್ತಿರುವುದು ಒಡೆತನವಲ್ಲ, ಹಿಂಪಡೆಯಬಹುದಾದ ಪರವಾನಗಿ ಎಂದು ಕೊಳ್ಳುವವರಿಗೆ ಸ್ಪಷ್ಟವಾಗಿ ತಿಳಿಸಬೇಕು. 2025ರ ಜೂನ್ 5ರಂದು ಬಂದ ಸ್ವಿಚ್ 2ರಲ್ಲಿ ಕಾರ್ಡ್ ಸಿಕ್ಕಿಸುವ ಜಾಗ ಇದೆ. ಆದರೆ ಅದಕ್ಕಾಗಿ ಮಾರುವ ಕಾರ್ಡ್‌ಗಳಲ್ಲಿ ಹಲವು ಕೀಲಿಗಳು ಮಾತ್ರ. ಒಳಗೆ ಆಟ ಇರುವುದಿಲ್ಲ, ಅದನ್ನು ಜಾಲದಿಂದ ಇಳಿಸಿಕೊಳ್ಳಬೇಕು. ಮೂರನೆಯ ತಲೆಮಾರಿನ ಕಾರ್ಟ್ರಿಜ್ ಬಿಚ್ಚಿ ನೋಡಿದರೆ ಆಟವನ್ನು ಹೊತ್ತ ಚಿಪ್ಪು ಕಾಣುತ್ತಿತ್ತು. ಇಲ್ಲಿ ಉಳಿದಿರುವುದು ಅದರ ಆಕಾರ.

ಭಾರತದ ಮಟ್ಟಿಗೆ ಒಂದು ಮಾತು ಬಾಕಿಯಿದೆ. 2011ರಲ್ಲಿ ಪ್ರಕಟವಾದ ಮೊದಲ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಗಣಕ, ಫೋನು, ಟಿ.ವಿ., ತಂಗಳುಪೆಟ್ಟಿಗೆಗಳಿದ್ದವು; ಆಟದ ಯಂತ್ರಗಳಿರಲಿಲ್ಲ. 2016ರ ನಿಯಮಗಳಲ್ಲೂ ಇರಲಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ 2022ರ ನಿಯಮಗಳಲ್ಲಿ ಆಟಿಕೆ ಮತ್ತು ಕ್ರೀಡಾ ಸಾಮಗ್ರಿಗಳ ಗುಂಪಿನಡಿ ವಿಡಿಯೋ ಗೇಮ್‌ಗಳೂ ಸೇರಿ, ಹಳೆಯದನ್ನು ಸಂಸ್ಕರಿಸುವ ಹೊಣೆ ಉತ್ಪಾದಕರ ಮೇಲೆ ಬಿದ್ದಿತು. ಪ್ಲೇಸ್ಟೇಷನ್‌ಗೂ ಎಕ್ಸ್‌ಬಾಕ್ಸ್‌ಗೂ ಉತ್ಪಾದಕರು ಯಾರೆಂದು ಪೆಟ್ಟಿಗೆಯ ಮೇಲೆಯೇ ಬರೆದಿರುತ್ತದೆ. 1990ರ ದಶಕದಲ್ಲಿ ಸಂತೆಪೇಟೆಯಲ್ಲಿ ಕೊಂಡು, ಈಗ ಅಟ್ಟದ ಮೇಲೆ ಹಳೆಯ ಟಿ.ವಿ.ಯ ಪಕ್ಕದಲ್ಲಿ ಕುಳಿತಿರುವ ಫ್ಯಾಮಿಕಾಮ್ ನಕಲಿನ ತಳವನ್ನು ತಿರುಗಿಸಿ ನೋಡಿದರೆ ಬಹಳಷ್ಟು ಕಡೆ ಯಾವ ಕಂಪನಿಯ ಹೆಸರೂ ಇರುವುದಿಲ್ಲ.